ದಿನಾ ತೊಳೆದ ಎಂಜಿನ್ ಯಾಕೆ ಕಾಯಿತು: ಒಂದು ಔಟ್‌ಬೋರ್ಡ್ ಪ್ರಕರಣ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಕರಣದಲ್ಲಿ ಅರ್ಧ ತಪ್ಪು ನನ್ನದು. ಭಾವ ದೋಣಿ ತಗೊಂಡಾಗ, ಅದರ ಹಿಂಬದಿಗೆ ತಗುಲಿಸಿದ ಔಟ್‌ಬೋರ್ಡ್ ಎಂಜಿನ್ ಫ್ಲಶ್ ಮಾಡುವುದು, ಅಂದರೆ ಒಳಗೆ ಸಿಹಿ ನೀರು ಹಾಯಿಸಿ ತೊಳೆಯುವುದು ಹೇಗೆ ಅಂತ ತೋರಿಸಿಕೊಟ್ಟವನು ನಾನೇ. ಆವತ್ತು ಒಂದು ಮಾತು ಹೇಳಿದ್ದೆ: "ಭಾವ, ಈ ತೂತಿನಿಂದ ನೀರಿನ ಧಾರೆ ಬರ್ತಾ ಇದೆಯಾ ನೋಡ್ಕೊಳ್ಳಿ. ಅದು ಬರ್ತಿದ್ರೆ ಏನೂ ಯೋಚನೆ ಇಲ್ಲ." ಅವತ್ತಿನ ಮಟ್ಟಿಗೆ ಮಾತು ಸರಿಯಾಗಿಯೇ ಇತ್ತು. ಮೂರು ವರ್ಷ ಆದ ಮೇಲೆ, ಅದೇ ಮಾತನ್ನು ನಂಬಿಕೊಂಡು, ಧಾರೆಯನ್ನೇ ನೋಡುತ್ತಾ ನಿಂತು, ಅವರು ಎಂಜಿನ್‌ಗೆ ನೀರೆತ್ತುವ ಪಂಪು ಸುಟ್ಟರು.

ಎಂಜಿನ್ 40 ಎಚ್‌ಪಿಯದು, ನಾಲ್ಕು ಸ್ಟ್ರೋಕ್, ಇಂಧನ ಇಂಜೆಕ್ಷನ್ ಇರುವುದು. ಚಿಕ್ಕ ಫೈಬರ್ ದೋಣಿ. ಓಡುವುದು ಹೆಚ್ಚಾಗಿ ಉಪ್ಪು ನೀರಿನಲ್ಲಿ. ಭಾವ ಅಸಡ್ಡೆ ಮಾಡುವ ಜನ ಅಲ್ಲವೇ ಅಲ್ಲ. ಪ್ರತಿ ಸಲ ದಡಕ್ಕೆ ಬಂದ ಕೂಡಲೇ ಫ್ಲಶ್ ಮಾಡುತ್ತಿದ್ದರು, ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡುತ್ತಿದ್ದರು. ಅದಕ್ಕೇ ಈ ಪ್ರಕರಣ ಬರೆಯಬೇಕು ಅನ್ನಿಸಿತು. ತೊಳೆಯದೆ ಬಿಟ್ಟವರ ಎಂಜಿನ್ ಕೆಟ್ಟರೆ ಅದರಲ್ಲಿ ಬರೆಯೋಕೆ ಏನಿದೆ?

ಆದದ್ದು ಇಷ್ಟು. ಒಂದು ದಿನ ವಾಪಸ್ ಬರುವಾಗ, ಎಂಜಿನ್ ಸುಮಾರು 4000 ಆರ್‌ಪಿಎಂನಲ್ಲಿ ಇದ್ದಾಗ, ಬಜರ್ ಕಿರುಚೋಕೆ ಶುರುವಾಯಿತು, ವೇಗ ತಾನಾಗೇ ಕುಸಿಯಿತು. ಬಿಸಿ ಜಾಸ್ತಿ ಆದಾಗ ಈ ಎಂಜಿನ್ ತನ್ನನ್ನು ತಾನೇ ಹಾಗೆ ತಡೆದುಕೊಳ್ಳುತ್ತದೆ. ಹಿಂದೆ ತಿರುಗಿ ನೋಡಿದರೆ ಪೆನ್ಸಿಲ್ ದಪ್ಪ ಇರಬೇಕಾದ ಧಾರೆ ದಾರದಷ್ಟಾಗಿತ್ತು, ಅದರಲ್ಲೂ ಹಬೆ. ಭಾವ ತಕ್ಷಣ ಆಫ್ ಮಾಡಿದರು, ಎಂಜಿನ್ ಮೇಲೆತ್ತಿದರು, ಕೆಳಗಿನ ಕಿಂಡಿಗೆ ಪ್ಲಾಸ್ಟಿಕ್ ಚೀಲವೋ ಪಾಚಿಯೋ ಅಂಟಿಕೊಂಡಿದೆಯಾ ನೋಡಿದರು. ಏನೂ ಇರಲಿಲ್ಲ. ಮತ್ತೆ ಸ್ಟಾರ್ಟ್ ಮಾಡುವ ಹುಚ್ಚು ಸಾಹಸ ಮಾಡಲಿಲ್ಲ, ಅದೊಂದು ಪುಣ್ಯ. ಇನ್ನೊಂದು ದೋಣಿಯವರು ಹಗ್ಗ ಕಟ್ಟಿ ಎಳೆದು ತಂದರು. ಆ ಒಂದು ನಿರ್ಧಾರದಿಂದ ಎಂಜಿನ್‌ನ ಬ್ಲಾಕ್, ಅಂದರೆ ಸಿಲಿಂಡರ್‌ಗಳಿರುವ ಮುಖ್ಯ ಭಾಗ, ಉಳಿಯಿತು ಅಂತ ನನ್ನ ನಂಬಿಕೆ.

ಸಂಜೆ ಫೋನು. "ಏನೋ ಇದು, ದಿನಾ ತೊಳೆದಿದ್ದೀನಿ, ಉಪ್ಪು ಕಟ್ಟಿಕೊಳ್ಳೋಕೆ ಚಾನ್ಸೇ ಇಲ್ಲ. ಪಂಪಂತೂ ಚೆನ್ನಾಗಿದೆ, ಈಗಷ್ಟೇ ಪೈಪ್ ಹಾಕಿ ನೋಡಿದೆ, ಧಾರೆ ಜೋರಾಗಿ ಬರ್ತಿದೆ."

ಆ ಕೊನೆಯ ವಾಕ್ಯದಲ್ಲೇ ಉತ್ತರ ಇತ್ತು. ಆವತ್ತು ನನಗೆ ಹೊಳೆಯಲಿಲ್ಲ.

ನೀರು ಓಡಾಡುವ ದಾರಿ

ಕಾರಿನಲ್ಲಿ ರೇಡಿಯೇಟರ್ ಇರುತ್ತದೆ, ಅದೇ ನೀರು ಸುತ್ತಿ ಸುತ್ತಿ ಬರುತ್ತದೆ. ಔಟ್‌ಬೋರ್ಡ್‌ಗೆ ಅದೆಲ್ಲ ಇಲ್ಲ. ದೋಣಿ ಯಾವ ನೀರಲ್ಲಿ ತೇಲುತ್ತಿದೆಯೋ ಆ ನೀರನ್ನೇ ಹೀರುತ್ತದೆ, ಎಂಜಿನ್ ಸುತ್ತ ಓಡಿಸುತ್ತದೆ, ಆಚೆ ಚೆಲ್ಲುತ್ತದೆ. ಹಾಗಾಗಿ ಉಪ್ಪು, ಮರಳು, ಕೆಸರು ಎಲ್ಲ ಒಳಗೆ ಹೋಗಿ ಬರುತ್ತವೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಒಂದು ಲೀಟರ್ ಒಳಗೇ ನಿಂತು ಒಣಗಿದರೆ ಅಷ್ಟೂ ಉಪ್ಪು ಅಲ್ಯೂಮಿನಿಯಂ ಗೋಡೆಗೆ ಅಂಟಿಕೊಳ್ಳುತ್ತದೆ. ಮಾರನೇ ಸಲ ಅದರ ಮೇಲೆ ಇನ್ನೊಂದು ಪದರ. ದಾರಿ ಕಿರಿದಾಗುತ್ತದೆ, ಲೋಹ ಕೊರೆಯುತ್ತದೆ. ಫ್ಲಶ್ ಮಾಡುವುದು ಇದಕ್ಕೇ. ಸಿಹಿ ನೀರಿನಲ್ಲೇ ಓಡಿಸುವವರಿಗೂ ಇದು ಬೇಕು, ಯಾಕಂದರೆ ಕೆಸರು ಮರಳಿಗೆ ಉಪ್ಪಿನ ಹಂಗಿಲ್ಲ.

ಈಗ ದಾರಿ ನೋಡಿ. ಕೆಳಗೆ, ಪ್ರೊಪೆಲ್ಲರ್ ಕೂತಿರುವ ಗೇರ್ ಭಾಗದ ಎರಡೂ ಬದಿಯಲ್ಲಿ ಜರಡಿ ಥರದ ಕಿಂಡಿ. ನೀರು ಒಳಗೆ ಬರುವುದು ಅಲ್ಲಿಂದ. ಅದರ ಸ್ವಲ್ಪ ಮೇಲೆ ಪಂಪು. ಪಂಪಿನ ಒಳಗೆ ಇಂಪೆಲ್ಲರ್ ಅಂತ ಒಂದು ರಬ್ಬರ್ ಚಕ್ರ, ಹೂವಿನ ಎಸಳಿನ ಹಾಗೆ ಸುತ್ತ ರೆಕ್ಕೆಗಳು, ಇದರಲ್ಲಿ ಆರು. ಅದು ಒಂದು ಸ್ಟೀಲ್ ಬಟ್ಟಲಿನಲ್ಲಿ ಕೂತಿರುತ್ತದೆ, ಆದರೆ ನಟ್ಟನಡುವೆ ಅಲ್ಲ, ಒಂದು ಪಕ್ಕಕ್ಕೆ. ತಿರುಗುವಾಗ ರೆಕ್ಕೆಗಳು ಒಂದು ಕಡೆ ಮಡಚಿಕೊಂಡು ಇನ್ನೊಂದು ಕಡೆ ಬಿಚ್ಚಿಕೊಳ್ಳುತ್ತವೆ. ಆ ಮಡಚು ಬಿಚ್ಚಾಟದಲ್ಲೇ ನೀರು ಮೇಲಕ್ಕೆ ಹೋಗುವುದು. ರಬ್ಬರು ಸ್ಟೀಲಿಗೆ ಒತ್ತಿಕೊಂಡೇ ತಿರುಗುತ್ತದೆ, ಮಧ್ಯೆ ಜಾರಿಕೆಗೆ ಇರುವುದು ನೀರೊಂದೇ. ನೀರಿಲ್ಲದೆ ತಿರುಗಿದರೆ? ಒಣ ಕೈಯನ್ನು ಕಂಬಳಿಗೆ ಜೋರಾಗಿ ಉಜ್ಜಿ ನೋಡಿ. ಸೆಕೆಂಡುಗಳ ಲೆಕ್ಕದಲ್ಲಿ ಕಾಯುತ್ತದೆ.

ಪಂಪಿನಿಂದ ಒಂದು ಕೊಳವೆ ಮೇಲಕ್ಕೆ. ಅಲ್ಲಿಂದ ಬ್ಲಾಕ್, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತೆರೆದುಕೊಳ್ಳುವ ಬಾಗಿಲು), ಆಮೇಲೆ ಹೊಗೆಯ ಜೊತೆ ಸೇರಿ ಕೆಳಕ್ಕೆ. ನಡುವೆ ಚೂರು ನೀರು ಪಕ್ಕದ ತೂತಿನಿಂದ ಹೊರಗೆ ಹಾರುತ್ತದೆ, ಅದೇ ನಾನು ಹೇಳುತ್ತಿರುವ ಧಾರೆ. ನೀರು ಮೇಲೆ ತಲುಪುತ್ತಿದೆ ಅಂತ ನಮಗೆ ಗೊತ್ತಾಗಲಿ ಅಂತಲೇ ಅದನ್ನು ಇಟ್ಟಿರುವುದು.

ಫ್ಲಶ್ ಮಾಡೋಕೆ ಸಾಮಾನ್ಯವಾಗಿ ಎರಡು ದಾರಿ. ಒಂದು ಮಫ್ಸ್: ಹೆಡ್‌ಫೋನ್ ಥರ ಕಾಣುವ ಎರಡು ರಬ್ಬರ್ ಬಟ್ಟಲು, ಅದಕ್ಕೆ ಹೋಸ್ ಪೈಪು. ಅದನ್ನು ಕೆಳಗಿನ ಕಿಂಡಿಗಳ ಮೇಲೆ ಕೂರಿಸಬೇಕು. ನೀರು ಪಂಪಿನ ಕೆಳಗಿನಿಂದ ಬರುತ್ತದೆ, ಹಾಗಾಗಿ ಎಂಜಿನ್ ಓಡಿಸಲೇಬೇಕು, ಇಲ್ಲದಿದ್ದರೆ ಮೇಲಕ್ಕೆ ಎತ್ತುವವರು ಯಾರು? ಇನ್ನೊಂದು ಫ್ಲಶ್ ಪೋರ್ಟ್: ಎಂಜಿನ್ ಪಕ್ಕದಲ್ಲಿ ಒಂದು ಮುಚ್ಚಳ, ಬಿಚ್ಚಿದರೆ ಪೈಪ್ ತಿರುಗಿಸಿ ಕೂರಿಸುವ ಜಾಗ. ಇಲ್ಲಿ ನೀರು ಪಂಪಿನ ಮೇಲಿನಿಂದ ಒಳಗೆ ಹೋಗುತ್ತದೆ. ನಲ್ಲಿಯ ಒತ್ತಡವೇ ಎಲ್ಲ ಕೆಲಸ ಮಾಡುತ್ತದೆ. ಎಂಜಿನ್ ಆಫ್ ಇರಬೇಕು. ಕೆಲವು ಮಾದರಿಗಳಲ್ಲಿ ಪೋರ್ಟಿಗೆ ಪೈಪ್ ಹಾಕಿ ಐಡಲ್‌ನಲ್ಲಿ, ಅಂದರೆ ಆಕ್ಸಲರೇಟರ್ ಕೊಡದ ಕನಿಷ್ಠ ವೇಗದಲ್ಲಿ, ಓಡಿಸಬಹುದು ಅಂತ ಅವುಗಳ ಕೈಪಿಡಿಯೇ ಹೇಳುತ್ತದೆ, ಅದು ಬೇರೆ ಮಾತು. ಭಾವನ ಎಂಜಿನ್‌ನ ಕೈಪಿಡಿ ಆಫ್ ಅಂತಲೇ ಹೇಳುತ್ತದೆ. ಆ ಪುಟ ನಾವಿಬ್ಬರೂ ಓದಿರಲಿಲ್ಲ.

ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು

ಮಾರನೇ ವಾರ ಹೋದೆ. ಮೊದಲು ನನ್ನ ತಲೆಯಲ್ಲಿ ಇದ್ದದ್ದು ಮೂರು ಅನುಮಾನ. ಥರ್ಮೋಸ್ಟಾಟ್ ಮುಚ್ಚಿಕೊಂಡು ಕೂತಿದೆ, ಅಥವಾ ಒಳಗೆ ಉಪ್ಪು ಕಟ್ಟಿದೆ, ಅಥವಾ ಇಂಪೆಲ್ಲರ್ ಹಳೆಯದಾಗಿದೆ. ಮೂರನೆಯದನ್ನು ನಾನೇ ತಳ್ಳಿಹಾಕಿದೆ, ಯಾಕಂದರೆ ಹೋದ ವರ್ಷವಷ್ಟೇ ಬದಲಿಸಿದ್ದೆವು, ಆಮೇಲೆ 60 ಗಂಟೆಯೂ ಓಡಿರಲಿಲ್ಲ. ವರ್ಷಕ್ಕೊಮ್ಮೆ ಅಥವಾ 100 ಗಂಟೆಗೊಮ್ಮೆ ಬಿಚ್ಚಿ ನೋಡಿ ಅನ್ನುವುದು ಸಾಮಾನ್ಯ ಲೆಕ್ಕ. ಹಾಗಾಗಿ ಪಂಪಿನ ಕಡೆ ನಾನು ತಲೆಯೇ ಹಾಕಲಿಲ್ಲ. ಥರ್ಮೋಸ್ಟಾಟ್ ಬಿಚ್ಚಿದೆ. ನಾಲ್ಕು ಬೋಲ್ಟು, ಸುಲಭದ ಕೆಲಸ, ಅದಕ್ಕೇ ಮೊದಲು ಅದನ್ನು ಅನುಮಾನಿಸಿದೆ ಅಂತ ಈಗ ಅನ್ನಿಸುತ್ತದೆ. ದಾರ ಕಟ್ಟಿ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಕಾಯಿಸಿದೆವು, ಪಕ್ಕದಲ್ಲಿ ಥರ್ಮಾಮೀಟರ್. ಇವು ಎಂಜಿನ್‌ಗೆ ತಕ್ಕ ಹಾಗೆ ಸುಮಾರು 50ರಿಂದ 60 ಡಿಗ್ರಿಯಲ್ಲಿ ತೆರೆದುಕೊಳ್ಳಬೇಕು. ಇದು ಚೆನ್ನಾಗಿಯೇ ತೆರೆಯಿತು. ಕೂತಿದ್ದ ಜಾಗದಲ್ಲಿ ಬಿಳಿ ಉಪ್ಪು ಅಷ್ಟೇನೂ ಇರಲಿಲ್ಲ. ಅಂದರೆ ತೊಳೆದದ್ದು ಸುಳ್ಳಲ್ಲ. ಆದರೆ ಮೂಲೆಯಲ್ಲಿ ಒಂದು ಕಪ್ಪು ಚೂರು ಅಂಟಿಕೊಂಡಿತ್ತು, ಬೆರಳ ಉಗುರಿನ ಅರ್ಧದಷ್ಟು. ಹಿಚುಕಿದರೆ ಬಾಗುತ್ತದೆ. ರಬ್ಬರು.

ಗ್ಯಾಸ್ಕೆಟ್ ತುಂಡು, ಅಂದರೆ ಜೋಡಣೆಯಲ್ಲಿ ನೀರು ಸೋರದ ಹಾಗೆ ಇಡುವ ಪಟ್ಟಿಯ ತುಂಡು ಇರಬೇಕು ಅಂದರು ಭಾವ. ನಾನೂ ಹೂಂ ಅಂದೆ.

ಎಲ್ಲ ವಾಪಸ್ ಕೂರಿಸಿ, "ಒಂದ್ಸಲ ನೀವು ದಿನಾ ಹೇಗೆ ಮಾಡ್ತೀರೋ ಹಾಗೇ ಮಾಡಿ ತೋರಿಸಿ ಭಾವ" ಅಂದೆ. ಅವರು ಪೈಪ್ ತಂದರು, ಪಕ್ಕದ ಮುಚ್ಚಳ ಬಿಚ್ಚಿ ಪೋರ್ಟಿಗೆ ತಿರುಗಿಸಿದರು, ನಲ್ಲಿ ಬಿಟ್ಟರು, ಧಾರೆ ಸರ್ರಂತ ಹಾರಿತು. ಆಮೇಲೆ ಕೀ ತಿರುಗಿಸೋಕೆ ಕೈ ಹಾಕಿದರು.

"ನಿಲ್ಲಿ ನಿಲ್ಲಿ! ಎಂಜಿನ್ ಯಾಕೆ ಹಾಕ್ತಿದ್ದೀರಿ?"

"ನೀನೇ ಅಲ್ವೇನೋ ಹೇಳಿದ್ದು, ಎಂಜಿನ್ ಹಾಕದೆ ಫ್ಲಶ್ ಆಗಲ್ಲ ಅಂತ?"

"ಅದು ಮಫ್ಸ್‌ಗೆ ಹೇಳಿದ್ದು. ಮಫ್ಸ್ ಎಲ್ಲಿ?"

ಮಫ್ಸ್‌ನ ಪಟ್ಟಿ ಎರಡು ತಿಂಗಳ ಹಿಂದೆ ಮುರಿದಿತ್ತು. ಎಂಜಿನ್ ಪಕ್ಕದಲ್ಲೇ ಪೈಪ್ ಹಾಕುವ ಜಾಗ ಇದೆ ಅಂತ ಯಾರೋ ತೋರಿಸಿಕೊಟ್ಟರು, ಬಗ್ಗುವ ಕೆಲಸ ತಪ್ಪಿತು ಅಂತ ಇವರಿಗೆ ಖುಷಿ. ಪೈಪಿನ ಜಾಗ ಬದಲಾಯಿತು, ಉಳಿದದ್ದೆಲ್ಲ ಹಳೆಯ ಪದ್ಧತಿಯೇ. ನೀರು ಬಿಡು, ಎಂಜಿನ್ ಹಾಕು, ಧಾರೆ ನೋಡು, ಹತ್ತು ನಿಮಿಷ ಕಾಯಿ. ನೋಟ್‌ಬುಕ್ ತೆಗೆದು ಎಣಿಸಿದೆವು. ಪೋರ್ಟಿಗೆ ಪೈಪ್ ಹಾಕಿ, ಎಂಜಿನ್ ಓಡಿಸಿ, ಎಂಟು ಸಲ ಫ್ಲಶ್ ಆಗಿತ್ತು. ಕೊನೆಯ ಸಲದ ಸಾಲಿನಲ್ಲಿ ಅಂದವಾದ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಉಪ್ಪು ಪೂರ್ತಿ ಹೋಗಲಿ ಅಂತ ಆಕ್ಸಲರೇಟರ್ ಸ್ವಲ್ಪ ಕೊಟ್ಟೆ, 2500."

ನಾನು ತಲೆ ಮೇಲೆ ಕೈ ಇಟ್ಟು ಕೂತೆ.

ಪ್ರತಿ ಸಲವೂ ಧಾರೆ ಜೋರಾಗಿ ಬರುತ್ತಿತ್ತು, ಅದು ನಿಜ. ಆದರೆ ಅದು ಪಂಪಿನ ಧಾರೆ ಅಲ್ಲ, ನಲ್ಲಿಯ ಧಾರೆ. ಇಂಪೆಲ್ಲರ್ ಕಿತ್ತು ಕಪಾಟಿನಲ್ಲಿಟ್ಟು ಬಂದಿದ್ದರೂ ಅಷ್ಟೇ ಜೋರಾಗಿ ಬರುತ್ತಿತ್ತು. ಎಲ್ಲ ಎಂಜಿನ್‌ಗಳಲ್ಲೂ ಪೋರ್ಟಿಗೆ ನೀರು ಕೊಟ್ಟಾಗ ಧಾರೆ ಬರುವುದಿಲ್ಲ, ಇದರಲ್ಲಿ ಬರುತ್ತದೆ, ಅದೇ ಮೋಸ ಆಯಿತು. ಮೇಲಿಂದ ಇಳಿದ ನೀರು ಒಂದಿಷ್ಟು ಪಂಪಿಗೂ ತಲುಪುತ್ತದೆ, ಇಲ್ಲ ಅಂತಲ್ಲ, ಅದಕ್ಕೇ ಎಂಟು ಸಲ ತಡೆದುಕೊಂಡಿರಬೇಕು. ಆದರೆ ಕೆಳಗಿನ ಕಿಂಡಿ ಗಾಳಿಯಲ್ಲಿದೆ, ಪಂಪು ಎಳೆಯುತ್ತಿರುವುದು ಗಾಳಿಯನ್ನ.

ಇದನ್ನು ಖಾತ್ರಿ ಮಾಡಿಕೊಳ್ಳೋಕೆ ಒಂದು ಸರಳ ಪರೀಕ್ಷೆ ಸಾಕಾಯಿತು. ಪರಿಚಯದವರ ಹತ್ತಿರ ಮಫ್ಸ್ ತಂದು ಕಿಂಡಿಗೆ ಹಾಕಿ, ನೀರು ಬಿಟ್ಟು, ಐಡಲ್‌ನಲ್ಲಿ ಎಂಜಿನ್ ಹಾಕಿದೆವು. ಧಾರೆ ತೊಟ್ಟು ತೊಟ್ಟು. ಅರ್ಧ ನಿಮಿಷಕ್ಕೇ ಆಫ್ ಮಾಡಿದೆ. ಪೋರ್ಟಿನಿಂದ ಕೊಟ್ಟರೆ ಜೋರು, ಕಿಂಡಿಯಿಂದ ಕೊಟ್ಟರೆ ತೊಟ್ಟು. ಮೇಲಿನ ದಾರಿ ಬಹುಮಟ್ಟಿಗೆ ತೆರೆದೇ ಇದೆ, ಸತ್ತಿರುವುದು ಪಂಪು. ಮೊದಲ ದಿನ ಫೋನಿನಲ್ಲೇ ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು: ಪೈಪ್ ಎಲ್ಲಿಗೆ ಹಾಕಿದ್ರಿ?

ಬಿಚ್ಚಿದಾಗ

ಬ್ಯಾಟರಿ ತಂತಿ ತೆಗೆದೆ, ಕಿಲ್ ಸ್ವಿಚ್ಚಿನ ಸುರುಳಿ ದಾರ ಕಿತ್ತೆ, ಅದರ ತುದಿಯ ಕ್ಲಿಪ್ ಕಿತ್ತರೆ ಎಂಜಿನ್ ಆಫ್ ಆಗುತ್ತದೆ. ಪ್ರೊಪೆಲ್ಲರ್ ಬಿಚ್ಚಿ, ಒಳಗಿನ ವಾಷರ್‌ಗಳನ್ನು ಬಂದ ವರಸೆಯಲ್ಲೇ ಒಂದು ತಂತಿಗೆ ಪೋಣಿಸಿಟ್ಟೆ. ಅವು ಅದಲುಬದಲಾದರೆ ಆಮೇಲೆ ಬಹಳ ತಲೆನೋವು. ಗೇರ್ ಭಾಗ ಹಿಡಿದಿಡುವ ಬೋಲ್ಟುಗಳಲ್ಲಿ ಒಂದು ಹಿಂಬದಿಯ ಚಿಕ್ಕ ರೆಕ್ಕೆಯ ಕೆಳಗೆ ಅಡಗಿರುತ್ತದೆ. ಆ ರೆಕ್ಕೆ ಯಾವ ಕೋನದಲ್ಲಿತ್ತು ಅಂತ ಮಾರ್ಕರ್‌ನಲ್ಲಿ ಗೆರೆ ಎಳೆದುಕೊಳ್ಳದೆ ಬಿಚ್ಚಬೇಡಿ, ಇಲ್ಲದಿದ್ದರೆ ದೋಣಿ ಒಂದು ಕಡೆಗೆ ಎಳೆಯುತ್ತದೆ. ಗೇರ್ ಕಡ್ಡಿ ಬಿಡಿಸಿ, ಇಬ್ಬರೂ ಹಿಡಿದು ಕೆಳಗಿಳಿಸಿದೆವು.

ಪಂಪಿನ ಮುಚ್ಚಳ ಎತ್ತಿದ ಕೂಡಲೇ ಸುಟ್ಟ ರಬ್ಬರಿನ ವಾಸನೆ, ಇಷ್ಟು ದಿನ ಆದ ಮೇಲೂ. ಆರು ರೆಕ್ಕೆಗಳಲ್ಲಿ ಒಂದು ಬುಡದಿಂದಲೇ ಇಲ್ಲ. ಎರಡರ ತುದಿ ಹರಿದಿದೆ. ಉಳಿದ ಮೂರು ಬಾಗಿದ ಹಾಗೆಯೇ ಗಟ್ಟಿಯಾಗಿಬಿಟ್ಟಿವೆ, ತುದಿ ಪಾಲಿಶ್ ಹಚ್ಚಿದ ಹಾಗೆ ಹೊಳೆಯುತ್ತಿದೆ. ಉಗುರಿನಿಂದ ಒತ್ತಿದರೆ ಹಿಂದಕ್ಕೆ ಬರುವುದಿಲ್ಲ. ಸ್ಟೀಲ್ ಬಟ್ಟಲಿನ ಒಳಗೆ ಕಪ್ಪು ಕಪ್ಪು ಉಂಗುರ, ರಬ್ಬರು ಕರಗಿ ಸವರಿದ ಗುರುತು. ಹಳೆಯದಾಗಿ ಸವೆದ ಇಂಪೆಲ್ಲರ್ ಹೀಗಿರುವುದಿಲ್ಲ. ಅದು ಬಿರುಕು ಬಿಡುತ್ತದೆ, ತೆಳ್ಳಗಾಗುತ್ತದೆ. ಹೀಗೆ ಕರಗುವುದು ಒಣಗಿ ತಿರುಗಿದಾಗ.

ಭಾವ ಅದನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. ಏನೂ ಮಾತಾಡಲಿಲ್ಲ.

ಇಲ್ಲಿ ಬಹಳ ಜನ ಹೊಸ ಇಂಪೆಲ್ಲರ್ ಹಾಕಿ ಮುಗಿಸಿಬಿಡುತ್ತಾರೆ. ಆದರೆ ಹೋದ ರಬ್ಬರು ಎಲ್ಲಿಗೆ ಹೋಯಿತು? ಆವಿಯಾಗಲ್ಲ ಅಲ್ವಾ. ಮೇಲೆ ಎಲ್ಲೋ ಸಿಕ್ಕಿಕೊಂಡಿರುತ್ತದೆ, ಹೊಸ ಪಂಪು ಹಾಕಿದರೂ ಧಾರೆ ಸಣ್ಣಗೇ ಇರುತ್ತದೆ, ಮತ್ತೆ ಬಜರ್ ಕೂಗುತ್ತದೆ. ನಾವು ಹಳೆ ಪೇಪರ್ ಹಾಸಿ ಅದರ ಮೇಲೆ ಇಂಪೆಲ್ಲರ್ ಇಟ್ಟು, ಸಿಕ್ಕ ಚೂರುಗಳನ್ನು ಒಂದೊಂದಾಗಿ ಅದರ ಪಕ್ಕ ಜೋಡಿಸುತ್ತಾ ಹೋದೆವು, ಒಡೆದ ಬಳೆ ಜೋಡಿಸುವ ಹಾಗೆ. ಪಂಪಿನ ಒಳಗೇ ಎರಡು ತುಂಡು. ಥರ್ಮೋಸ್ಟಾಟ್ ಹತ್ತಿರ ಸಿಕ್ಕ "ಗ್ಯಾಸ್ಕೆಟ್ ತುಂಡು" ಒಂದು ರೆಕ್ಕೆಯ ತುದಿಗೆ ಸರಿಯಾಗಿ ಕೂತಿತು. ದೊಡ್ಡ ರೆಕ್ಕೆಯೇ ಸಿಗಲಿಲ್ಲ.

ಆಗ ಪೋರ್ಟು ಉಪಯೋಗಕ್ಕೆ ಬಂತು. ಗೇರ್ ಭಾಗ ಕೆಳಗಿಳಿದಿದೆ, ಕೊಳವೆಯ ಕೆಳಬಾಯಿ ತೆರೆದಿದೆ. ಎಂಜಿನ್ ಆಫ್, ಪೋರ್ಟಿಗೆ ಪೈಪ್, ನಲ್ಲಿ ಬಿಟ್ಟರೆ ನೀರು ಉಲ್ಟಾ ದಿಕ್ಕಿನಲ್ಲಿ ಕೊಳವೆಯಿಂದ ಕೆಳಕ್ಕೆ ಧುಮುಕುತ್ತದೆ. ಕೆಳಗೆ ಬಕೆಟ್, ಬಕೆಟ್ ಬಾಯಿಗೆ ಬಟ್ಟೆ. ಮೊದಲು ಕೆಂಪು ನೀರು, ಆಮೇಲೆ ನಾಲ್ಕೈದು ಮರಳಿನ ಕಾಳು, ಆಮೇಲೆ ಏನೂ ಇಲ್ಲ. ಭಾವ ಪೈಪನ್ನು ಮಡಚಿ ಒತ್ತಡ ಕಟ್ಟಿ ಫಕ್ಕನೆ ಬಿಟ್ಟರು. ಎರಡು ಮೂರು ಸಲ ಹಾಗೆ ಮಾಡಿದ ಮೇಲೆ ಟಪ್ ಅಂತ ಬಟ್ಟೆ ಮೇಲೆ ಬಿತ್ತು. ಪೂರ್ತಿ ರೆಕ್ಕೆ, ಸುರುಟಿಕೊಂಡಿತ್ತು. ಪೇಪರ್ ಮೇಲೆ ಇಟ್ಟೆವು. ಚಕ್ರ ಪೂರ್ತಿಯಾಯಿತು.

ವಾಪಸ್ ಜೋಡಿಸುವುದರ ಬಗ್ಗೆ ಜಾಸ್ತಿ ಬರೆಯಲ್ಲ. ಇಂಪೆಲ್ಲರ್ ಒಂದನ್ನೇ ಅಲ್ಲ, ಬಟ್ಟಲು, ತಟ್ಟೆ, ಗ್ಯಾಸ್ಕೆಟ್, ಕೀಲು ಎಲ್ಲ ಇರುವ ಕಿಟ್ಟನ್ನೇ ಹಾಕಿದೆವು, ಗೀಚಿದ ಬಟ್ಟಲಿನಲ್ಲಿ ಹೊಸ ರಬ್ಬರು ಕೂರಿಸಿ ಏನು ಪ್ರಯೋಜನ? ರೆಕ್ಕೆಗಳಿಗೆ ಸೋಪು ನೀರು ಸವರಿ, ಶಾಫ್ಟನ್ನು ಮೇಲಿಂದ ನೋಡಿದಾಗ ಗಡಿಯಾರದ ಮುಳ್ಳಿನ ದಿಕ್ಕಿಗೆ ನಿಧಾನ ತಿರುಗಿಸುತ್ತಾ ಬಟ್ಟಲು ಕೆಳಗೆ ಒತ್ತಬೇಕು, ಆಗ ಎಲ್ಲ ರೆಕ್ಕೆಗಳೂ ಒಂದೇ ಕಡೆ ಮಡಚುತ್ತವೆ. ಆಮೇಲೆ ಉಲ್ಟಾ ತಿರುಗಿಸಬಾರದು. ಗೇರ್ ಭಾಗ ಮೇಲೆತ್ತುವಾಗ ನೀರಿನ ಕೊಳವೆ ತನ್ನ ರಬ್ಬರ್ ಬಾಯಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಹೊಸ ಪಂಪಿದ್ದೂ ನೀರು ಮೇಲೆ ಹೋಗಲ್ಲ.

ಪರೀಕ್ಷೆಯ ದಿನ ಇನ್ನೊಂದು

ಮಫ್ಸ್ ಹಾಕಿ ಪರೀಕ್ಷೆ. ಪ್ರೊಪೆಲ್ಲರ್ ಇನ್ನೂ ಹಾಕಿರಲಿಲ್ಲ, ಬೇಕಂತಲೇ. ಭಾವನಿಗೆ ಮೊದಲು ಅದು ಅತಿ ಅನ್ನಿಸಿತು, "ನ್ಯೂಟ್ರಲ್‌ನಲ್ಲಿ ಇರುತ್ತಲ್ಲ" ಅಂದರು. ನ್ಯೂಟ್ರಲ್‌ನಲ್ಲಿ ಇದ್ದರೂ ಗೇರ್ ಆಯಿಲ್‌ನ ಎಳೆತಕ್ಕೆ ಪ್ರೊಪೆಲ್ಲರ್ ಸೋಮಾರಿಯಾಗಿ ಸುತ್ತುವುದುಂಟು. ಅದರ ಪಕ್ಕದಲ್ಲೇ, ಒಂದು ಗೇಣು ಮುಂದೆ, ಮಫ್ಸ್ ಇರುವುದು. ಮಫ್ಸ್ ಜಾರಿದರೆ ಯಾರಾದರೂ ಏನು ಮಾಡುತ್ತಾರೆ? ಯೋಚನೆ ಮಾಡದೆ ಕೈ ಹಾಕುತ್ತಾರೆ. ಆ ಹೊತ್ತಿಗೆ ಇನ್ನೊಬ್ಬರ ಮೊಣಕೈ ಗೇರ್ ಲಿವರ್‌ಗೆ ತಾಗಿದರೆ ಮುಗಿಯಿತು.

ಮತ್ತು ಸರಿಯಾಗಿ ಅದೇ ಆಯಿತು. ಮಫ್ಸ್ ಜಾರಿತು ಅಂತ ಅಷ್ಟೇ, ಯಾರ ಕೈಗೂ ಪೆಟ್ಟಾಗಲಿಲ್ಲ. ನೀರು ಮೊದಲು ಬಿಟ್ಟೆವು, ಬಟ್ಟಲಿನ ಅಂಚಿನಿಂದ ಚಿಮ್ಮುವಷ್ಟು. ಆಮೇಲೆ ಸ್ಟಾರ್ಟ್. ಧಾರೆ ಚೆನ್ನಾಗಿ ಬಂತು, ಈ ಸಲ ಪಂಪಿನದೇ ಧಾರೆ, ಐಡಲ್‌ಗೆ ತಕ್ಕ ಹಾಗೆ ಮಿಡಿಯುತ್ತಾ. ಮೂರು ನಿಮಿಷ ಆಗಿರಬೇಕು, ಭಾವ ಪೈಪನ್ನು ಕಾಲಿಗೆ ಸಿಕ್ಕಿಸಿಕೊಂಡು ಎಳೆದರು, ಎಡಗಡೆಯ ಬಟ್ಟಲು ಕಿಂಡಿಯಿಂದ ಅರ್ಧ ಕೆಳಗೆ ಸರಿಯಿತು. ನೀರು ಆಗಲೂ ಸುತ್ತ ಚಿಮ್ಮುತ್ತಲೇ ಇತ್ತು, ದೂರದಿಂದ ನೋಡಿದರೆ ಎಲ್ಲ ಸರಿ ಇರುವ ಹಾಗೇ ಕಾಣುತ್ತಿತ್ತು. ಕಿಲ್ ಸ್ವಿಚ್ಚಿನ ದಾರ ನನ್ನ ಕೈಯಲ್ಲಿತ್ತು, ಎಳೆದೆ. ಮೊದಲು ಆಫ್, ಆಮೇಲೆ ಮಫ್ಸ್. ಅವರ ಕೈ ಅಷ್ಟರಲ್ಲಾಗಲೇ ಮುಂದೆ ಬಂದಿತ್ತು.

ಆ ದಿನದಿಂದ ಮಫ್ಸ್ ಹಾಕಿ ಓಡಿಸುವಾಗ ಒಬ್ಬರು ಕೀ ಹತ್ತಿರ ನಿಂತಿರಲೇಬೇಕು ಅಂತ ಮಾಡಿಕೊಂಡಿದ್ದೇವೆ. ಫೋನ್ ನೋಡೋಕೆ ಹೋಗಬಾರದು, ನಲ್ಲಿ ಹತ್ತಿರ ಹೋಗಬಾರದು. ಐಡಲ್‌ಗಿಂತ ಮೇಲೆ ಏರಿಸಬಾರದು. ಹೋಸ್ ಪೈಪ್ ಕೊಡುವ ನೀರು ಐಡಲ್‌ಗೆ ಸಾಕು, 2500ಕ್ಕೆ ಸಾಲದು. ಒಬ್ಬರೇ ಇದ್ದರೆ ಪೋರ್ಟಿನಲ್ಲೇ ಮಾಡಿ ಅಂತ ಭಾವನಿಗೆ ಹೇಳಿದೆ, ಎಂಜಿನ್ ಆಫ್ ಇರುವುದರಿಂದ ಅದರಲ್ಲಿ ಅಪಾಯವೇ ಕಡಿಮೆ. ಕೈಪಿಡಿಯನ್ನೂ ಈಗ ಓದಿಸಿದೆ: ಎಂಜಿನ್ ನೇರವಾಗಿ ನಿಲ್ಲಿಸಿ, 15 ನಿಮಿಷ ನೀರು ಬಿಡಬೇಕು, ಆಮೇಲೆ ಒಳಗಿನ ನೀರು ಬಸಿದುಹೋಗುವ ತನಕ ಹಾಗೇ ನೇರ ಇರಲಿ. ದಡಕ್ಕೆ ಬಂದ ಕೂಡಲೇ, ಎಂಜಿನ್ ಬಿಸಿ ಇರುವಾಗಲೇ ಮಾಡಿದರೆ ಒಳ್ಳೆಯದು, ಥರ್ಮೋಸ್ಟಾಟ್ ಇನ್ನೂ ತೆರೆದಿರುವ ಸಾಧ್ಯತೆ ಜಾಸ್ತಿ, ಉಪ್ಪು ಒಣಗಿರುವುದಿಲ್ಲ. ಮುಗಿದ ಮೇಲೆ ಪೋರ್ಟಿನ ಮುಚ್ಚಳ ಬಿಗಿಯಾಗಿ ತಿರುಗಿಸಿ. ಇದು ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ಕೆಲವು ಎಂಜಿನ್‌ಗಳಲ್ಲಿ ಅದು ಸಡಿಲ ಇದ್ದರೆ ಓಡುವಾಗ ತಂಪು ಮಾಡಬೇಕಾದ ನೀರು ಅಲ್ಲಿಂದಲೇ ಆಚೆ ಹೋಗಿಬಿಡುತ್ತದೆ, ಮತ್ತೆ ಅದೇ ಬಜರ್.

ಇನ್ನೊಂದು ಮಾತು ನೋಟ್‌ಬುಕ್ ತಿರುಗಿಸುವಾಗ ಕಣ್ಣಿಗೆ ಬಿತ್ತು. "ಮಳೆ. ಶೆಡ್ ಒಳಗೇ ಫ್ಲಶ್. ಸಂಜೆ ತಲೆನೋವು." ಓದಿ ನನಗೆ ಮೈ ಜುಂ ಅಂತು. ಶೆಡ್‌ಗೆ ಇರುವುದು ಒಂದೇ ಬಾಗಿಲು, ಅದನ್ನೂ ಇರಚಲು ಹೊಡೆಯುತ್ತೆ ಅಂತ ಅರ್ಧ ಮುಚ್ಚಿದ್ದರಂತೆ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನೀರಿನ ಜೊತೆ ಹೊಗೆ ಬರುವುದರಿಂದ ಹೊಗೆಯೇ ಇಲ್ಲ ಅನ್ನಿಸುತ್ತದೆ ಬೇರೆ. ಹತ್ತು ನಿಮಿಷ ಅಲ್ಲಿ ನಿಂತಿದ್ದಾರೆ. ಪಂಪು ಸುಟ್ಟದ್ದಕ್ಕೆ ನಾನು ಬೈಯಲಿಲ್ಲ, ಇದಕ್ಕೆ ಬೈದೆ. ಅಕ್ಕನ ಮುಂದೆಯೇ ಬೈದೆ.

ಇಷ್ಟಾದ ಮೇಲೆ ನೀರಿಗೆ ಇಳಿಸಿ ಒಂದು ಗಂಟೆ ಓಡಿಸಿದೆವು, ಅರ್ಧ ವೇಗ, ಪೂರ್ತಿ ವೇಗ. ಧಾರೆ ದಪ್ಪ, ಮುಟ್ಟಿದರೆ ಉಗುರುಬೆಚ್ಚಗೆ. ಬಜರ್ ಸುಮ್ಮನಿತ್ತು. ಬ್ಲಾಕಿಗೆ ಪೆಟ್ಟು ಬಿದ್ದಿದೆಯಾ ಅನ್ನುವ ಭಯಕ್ಕೆ ಸಿಲಿಂಡರ್‌ಗಳ ಕಂಪ್ರೆಷನ್ (ಒಳಗೆ ಹುಟ್ಟುವ ಒತ್ತಡ) ಕೂಡ ನೋಡಿದೆವು, ಎಲ್ಲದರಲ್ಲೂ ಹೆಚ್ಚುಕಮ್ಮಿ ಒಂದೇ ಬಂತು.

ಪದ್ಧತಿ ಬದಲಿಸೋಕೆ ಭಾವ ತಮ್ಮದೇ ಒಂದು ಉಪಾಯ ಮಾಡಿದ್ದಾರೆ. ಪೋರ್ಟಿಗೆ ಹಾಕುವ ಪೈಪಿನ ತುದಿಗೆ ಒಂದು ಕೊಕ್ಕೆ ಕಟ್ಟಿದ್ದಾರೆ. ಕಿಲ್ ಸ್ವಿಚ್ಚಿನ ದಾರ ಯಾವಾಗಲೂ ಆ ಕೊಕ್ಕೆಯಲ್ಲಿರಬೇಕು, ಪೈಪ್ ಬಿಚ್ಚುವ ತನಕ ಅದು ಅಲ್ಲಿಂದ ಬರಬಾರದು. ಕ್ಲಿಪ್ ಇಲ್ಲದೆ ಎಂಜಿನ್ ಸ್ಟಾರ್ಟ್ ಆಗುವುದಿಲ್ಲ, ಹಾಗಾಗಿ ಮರೆತರೂ ತೊಂದರೆ ಇಲ್ಲ. ನನಗೆ ಇದು ಹೊಳೆದಿರಲಿಲ್ಲ, ಈಗ ನನ್ನ ಪೈಪಿಗೂ ಒಂದು ಕೊಕ್ಕೆ ಇದೆ.

ಈ ವರ್ಷ ಲೆಕ್ಕದ ಪ್ರಕಾರ ಪಂಪು ಮತ್ತೆ ಬಿಚ್ಚಿದೆವು. ಆರೂ ರೆಕ್ಕೆ ಇದ್ದವು, ಉಗುರಿನಿಂದ ಒತ್ತಿದರೆ ಪುಟಿದು ಹಿಂದಕ್ಕೆ ಬಂದವು. ಭಾವ ಕಪಾಟಿನಿಂದ ಒಂದು ಬೆಂಕಿಪೊಟ್ಟಣ ತಂದು ಪಕ್ಕದಲ್ಲಿ ತೆರೆದಿಟ್ಟರು. ಹಳೆಯ ನಾಲ್ಕೂ ಚೂರು ಅದರಲ್ಲೇ ಇವೆ. "ಎಸೆಯೋಕೆ ಮನಸ್ಸಾಗಲಿಲ್ಲ ಕಣೋ" ಅಂದರು, ಮತ್ತೆ ಮುಚ್ಚಿ ಜೇಬಿಗೆ ಹಾಕಿಕೊಂಡರು.